ಎರಡನೇ ಬೇಸಿಗೆಗೆ ಹೋದವಳು

ಲಕ್ಷ್ಮೇಶ್ವರದಲ್ಲಿ ಒಬ್ಬ ಮುದುಕಿ ಇದ್ದಾರೆ. ತಾವು ಗಾದಿಯಲ್ಲಿ ಬಿಟ್ಟ ಒಂದು ಸೂಜಿಯ ಮೊನೆ ಒಬ್ಬ ಹುಡುಗಿಯ ಹಿಮ್ಮಡಿಯೊಳಗೆ ಮುರಿದು ಉಳಿದಿದೆ, ಅದು ಮೈಯೊಳಗೆ ತಿರುಗುತ್ತ ತಿರುಗುತ್ತ ಒಂದು ದಿನ ಎದೆಗೆ ಮುಟ್ಟುತ್ತದೆ ಎಂಬ ಭಯದಲ್ಲಿ ಅವರು ಇಷ್ಟು ವರ್ಷ ಕಳೆದಿದ್ದಾರೆ. ಆ ಹುಡುಗಿ ನಾನೇ ಎಂದು ಅವರ ನಂಬಿಕೆ.

ನಾನಲ್ಲ. ಹೀಗೆ ಬರೆದು ನೋಡಿದರೆ ವಾಕ್ಯ ಬಹಳ ಗಟ್ಟಿಯಾಗಿ ಕಾಣುತ್ತದೆ. ಅಷ್ಟು ಗಟ್ಟಿತನ ನನ್ನಲ್ಲಿಲ್ಲ. ನಾನಲ್ಲ ಎಂದು ನನಗೆ ನೆನಪಿದೆ, ಅಷ್ಟೇ.

ನಾನು ಬೆಳೆದದ್ದು ಬೆಟಗೇರಿಯ ಒಂದು ಹೆಣ್ಣುಮಕ್ಕಳ ಆಶ್ರಮದಲ್ಲಿ. ಅದು ಮುಚ್ಚಿ ಬಹಳ ವರ್ಷಗಳಾದವು. ಕಟ್ಟಡ ಇನ್ನೂ ಇದೆ. ಮದುವೆಗೆ ಬಾಡಿಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳನ್ನು ಅಲ್ಲಿ ಪೇರಿಸಿಡುತ್ತಾರೆ. ನಾವು ಮಲಗುತ್ತಿದ್ದ ಕೋಣೆಯಲ್ಲಿ ಆಗ ಮರದ ಮಂಚಗಳಿದ್ದವು. ಒಂದೊಂದನ್ನೂ ಯಾರೋ ಅನುಕೂಲಸ್ಥರು ತೀರಿಹೋದ ತಮ್ಮ ಮಗುವಿನ ನೆನಪಿಗೆಂದು ಮಾಡಿಸಿಕೊಟ್ಟಿದ್ದರು. ತಲೆಯ ಕಡೆಯ ಹಲಗೆಯ ಮೇಲೆ ಆ ಮಗುವಿನ ಹೆಸರು, ಬಿಳಿ ಬಣ್ಣದಲ್ಲಿ. ಆ ಮಂಚದಲ್ಲಿ ಮಲಗುವವಳನ್ನು ಆ ಹೆಸರಿನಿಂದಲೇ ಕರೆಯಬೇಕು. ಇದು ಆಶ್ರಮದ ಪದ್ಧತಿ. ಶಾಲೆಯ ಹಾಜರಿಯಲ್ಲಿ ನಮ್ಮ ಹೆಸರು ನಮಗಿತ್ತು. ಸಂಜೆ ಗೇಟು ದಾಟಿ ಒಳಗೆ ಬಂದರೆ ಅದು ಹೊರಗೇ ಉಳಿಯುತ್ತಿತ್ತು.

ಆ ಪದ್ಧತಿ ಕ್ರೂರವಾಗಿತ್ತು ಎಂದು ಈಗ ಬರೆಯುವುದು ಸುಲಭ. ಆಗ ಹಾಗೆ ಅನ್ನಿಸಿರಲಿಲ್ಲ. ಎಲ್ಲರಿಗೂ ಹಾಗೇ ಇತ್ತು, ಆದ್ದರಿಂದ ಅದು ಚಪಾತಿಯ ಹಾಗೆ, ಪ್ರಾರ್ಥನೆಯ ಹಾಗೆ ಒಂದು ಸಂಗತಿ. ನನ್ನ ಮಂಚ ಮಾಡಿಸಿಕೊಟ್ಟವರು ಮುಂಡರಗಿಯ ಗಂಡ ಹೆಂಡತಿ. ವರ್ಷಕ್ಕೊಮ್ಮೆ ಮಗಳು ತೀರಿಕೊಂಡ ದಿನ ಬರುತ್ತಿದ್ದರು. ಒಂದು ಹೊಸ ಫ್ರಾಕು ತರುತ್ತಿದ್ದರು. ಫ್ರಾಕಿನ ಅಳತೆ ಪ್ರತಿ ವರ್ಷವೂ ಒಂದೇ, ಅವರ ಮಗಳ ಅಳತೆ. ನಾನು ಬೆಳೆಯುತ್ತಿದ್ದೆ, ಅದು ಬೆಳೆಯುತ್ತಿರಲಿಲ್ಲ. ಕಂಕುಳಲ್ಲಿ ಕೊರೆಯುವ ಆ ಫ್ರಾಕಿನೊಳಗೆ ಉಸಿರು ಬಿಗಿಹಿಡಿದು ಅವರ ಮುಂದೆ ನಿಲ್ಲುತ್ತಿದ್ದೆ. ಅವರು ಹೆಸರು ಹಿಡಿದು ಕರೆಯುತ್ತಿದ್ದರು, ನಾನು "ರೀ" ಎನ್ನುತ್ತಿದ್ದೆ. ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರೆ ಕೆಲಸ ಮುಗಿದಂತೆ.

ಒಬ್ಬಳು ಬಿಟ್ಟುಹೋದರೆ ಅವಳ ಮಂಚ, ತಟ್ಟೆ, ತಗಡಿನ ಪೆಟ್ಟಿಗೆ, ಹೆಸರು ಎಲ್ಲವೂ ಮುಂದಿನವಳಿಗೆ. ನನಗಿಂತ ಮುಂಚೆ ಆ ಮಂಚದಲ್ಲಿ ಇದ್ದವಳು ಎಲ್ಲಿ ಎಂದು ನಾನು ನಮ್ಮನ್ನು ನೋಡಿಕೊಳ್ಳುತ್ತಿದ್ದ ಬಾಯಾರನ್ನು ಕೇಳಿದ್ದೆ.

"ಹೋದ್ಲು."

"ಎಲ್ಲಿಗ್ರಿ?"

"ಹೋದ್ಲು ಅಂದ್ರ ಹೋದ್ಲು. ತಟ್ಟಿ ತೊಳದಿಯೇನು?"

ದೊಡ್ಡ ಹುಡುಗಿಯರಲ್ಲಿ ಒಬ್ಬಳು, ಶಿರಹಟ್ಟಿಯ ಕಡೆಯ ಸೋದರಮಾವ ಬಂದು ಕರೆದುಕೊಂಡು ಹೋದ ಎಂದಳು. ಇನ್ನೊಬ್ಬಳು, ಅಲ್ಲ, ಕಾಲಿಗೆ ಏನೋ ಆಗಿ ದೊಡ್ಡ ಆಸ್ಪತ್ರೆಗೆ ಹಾಕಿದರು ಎಂದಳು. ಆ ಎರಡನೆಯ ಮಾತು ಅವಳು ನಿಜವಾಗಿ ಹೇಳಿದ್ದಳೋ, ಸೂಜಿಯ ವಿಷಯ ತಿಳಿದ ಮೇಲೆ ನಾನೇ ಅವಳ ಬಾಯಿಗೆ ಹಾಕಿದ್ದೇನೋ, ಈಗ ನನಗೆ ಬಿಡಿಸಲು ಆಗುತ್ತಿಲ್ಲ.

ಲಕ್ಷ್ಮೇಶ್ವರದಿಂದ ಹತ್ತಿ ಹಿಂಜುವವರೊಬ್ಬರು ಬೇಸಿಗೆಗೆ ಮುಂಚೆ ಆಶ್ರಮಕ್ಕೆ ಬರುತ್ತಿದ್ದರು. ಗಂಟುಕಟ್ಟಿದ ನಮ್ಮ ಗಾದಿಗಳನ್ನು ಬಿಚ್ಚಿ, ಅಂಗಳದಲ್ಲಿ ಹತ್ತಿ ಹಿಂಜಿ, ಮತ್ತೆ ತುಂಬುವುದು ಅವರ ಕೆಲಸ. ಹಿಂಜುವ ಬಿಲ್ಲಿನ ನಾರು ಮಿಡಿದರೆ ಇಡೀ ಓಣಿಗೆ ಕೇಳುತ್ತಿತ್ತು. ತುಂಬಿದ ಗಾದಿಗಳನ್ನು ಹೊಲಿಯುತ್ತಿದ್ದವರು ಅವರ ಹೆಂಡತಿ. ಅವರನ್ನು ನಾವು ಚಾಚಿ ಎನ್ನುತ್ತಿದ್ದೆವು. ಆಗ ಅವರಿಗೆ ಮಕ್ಕಳಿರಲಿಲ್ಲ. ಯಾರೂ ಇಲ್ಲದ ಹುಡುಗಿಯರನ್ನು ಬೇಸಿಗೆ ಸೂಟಿಗೆ ಪರಿಚಯದವರ ಮನೆಗೆ ಕಳಿಸುವ ರೂಢಿ ಆಶ್ರಮದಲ್ಲಿತ್ತು. ಹಾಗೆ ಒಂದು ವರ್ಷ ಚಾಚಿ ಒಬ್ಬ ಹುಡುಗಿಯನ್ನು ಲಕ್ಷ್ಮೇಶ್ವರಕ್ಕೆ ಕರೆದೊಯ್ದರು. ಮರುವರ್ಷ ಬಂದು ಅದೇ ಹೆಸರು ಹೇಳಿ ಅವಳನ್ನೇ ಕಳಿಸಿ ಎಂದರು. ಆ ಹೊತ್ತಿಗೆ ಆ ಹೆಸರಿನಲ್ಲಿ ನಾನಿದ್ದೆ. ಎಲ್ಲರಿಗೂ ಹೇನು ಆಗಬಾರದೆಂದು ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು, ಎಲ್ಲರಿಗೂ ಒಂದೇ ಥಾನಿನ ಬಟ್ಟೆ. ಬಾಯಾರು ಮೋಸ ಮಾಡಿದರು ಎಂದು ನಾನು ಹೇಳಲಾರೆ. ಅವರು ಕೇಳಿದ ಹೆಸರನ್ನು ಕಳಿಸಿದರು.

ಎರಡನೇ ಬೇಸಿಗೆ ಹೀಗೆ ಶುರುವಾಯಿತು. ನಾನು ಹಿಂದೆಂದೂ ಕಾಣದ ಮನೆಯ ಹೊಸ್ತಿಲ ಮೇಲೆ ನಿಂತಿದ್ದೆ, ಚಾಚಿ ಒಳಗಿನಿಂದ ಕೂಗುತ್ತಿದ್ದರು.

"ಯಾಕ, ನಾಚಿಕಿ ಬಂತೇನ ಈ ಸಲ? ಹೋಗು, ನಿನ್ನ ಗಿಂಡಿ ಇಟ್ಟಲ್ಲೇ ಐತಿ, ಕಾಲು ತೊಳಕೋ."

ಗಿಂಡಿ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಬಚ್ಚಲು ಯಾವ ಕಡೆಯೋ ಗೊತ್ತಿರಲಿಲ್ಲ. ಅವರ ಗಂಡ ನಕ್ಕರು. "ಒಂದ ವರ್ಷಕ್ಕ ಎಲ್ಲಾ ಮರತ ಬಿಟ್ಯಾ? ಆಶ್ರಮದ ಗಂಜಿ ತಿಂದ ತಲಿ ಕೆಟ್ಟೈತಿ ಇಕೀದು."

"ನೀವು ಸುಮ್ಮಕಿರ್ರಿ. ಸಿಟ್ಟು ಅಕೀಗೆ, ನನ್ನ ಮ್ಯಾಲ" ಎಂದರು ಚಾಚಿ. ಅವರ ದನಿ ಸಣ್ಣದಾದದ್ದು ನನಗೆ ನೆನಪಿದೆ. ಯಾಕೆ ಸಿಟ್ಟು ಎಂದು ಕೇಳುವ ಹಾಗಿರಲಿಲ್ಲ. ಕೇಳಿದರೆ ನಾನು ಬೇರೆ ಎಂದು ಗೊತ್ತಾಗಿ ವಾಪಸ್ಸು ಕಳಿಸಿಬಿಡುತ್ತಿದ್ದರು. ಹಾಗಾಗಿ ಕಲಿತೆ. ಕಸಬರಿಗೆ ಎಲ್ಲಿರುತ್ತದೆ, ಯಾವ ಕುರಿಗೆ ಹೆದರಬೇಕು, ಕಳೆದ ವರ್ಷ "ನಾನು" ಯಾವ ಪಲ್ಯ ಬೇಡ ಎಂದಿದ್ದೆ. ಹೀರೇಕಾಯಿ ನನಗೆ ಇಷ್ಟ. ಆ ಸೂಟಿಯಲ್ಲಿ ಒಮ್ಮೆಯೂ ತಿನ್ನಲಿಲ್ಲ.

ದಿನಾ ಸಂಜೆ ಚಾಚಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಕಾಲು ತೊಳೆಯುತ್ತಿದ್ದರು. ಎಡಗಾಲಿನ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ನೋವಾಗ್ತೈತೇನು?"

"ಇಲ್ರಿ."

ಇಲ್ಲ ಎಂದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಸ್ವಲ್ಪ ಮೇಲೆ, ಮೀನಖಂಡದಲ್ಲಿ ಒತ್ತುತ್ತಿದ್ದರು. "ಇಲ್ಲೆ?" ಇಲ್ಲ. ಮೊಳಕಾಲ ಹಿಂದೆ. "ಇಲ್ಲೆ?" ಒಂದು ದಿನ ಬೇಸರವಾಗಿ, ಹೂಂ ನೋಯುತ್ತದೆ ಎಂದೆ. ಅವರು ಕಾಲನ್ನು ತೊಡೆಯ ಮೇಲೆ ಹಾಗೇ ಹಿಡಿದು ಕುಳಿತುಬಿಟ್ಟರು. ಅಡಿಗೆ ಆಗಲಿಲ್ಲ. ಯಾವ ಉತ್ತರವೂ ಅವರಿಗೆ ಒಳ್ಳೆಯದಲ್ಲ ಎಂದು ನನಗೆ ಅಂದು ತಿಳಿಯಿತು, ಕಾರಣ ತಿಳಿಯಲಿಲ್ಲ. ಆ ಬೇಸಿಗೆಯಾದ ಮೇಲೆ ನನ್ನನ್ನು ಮತ್ತೆ ಕರೆಯಲಿಲ್ಲ. ಅವರಿಗೆ ಹೊಟ್ಟೆಯಲ್ಲಿ ಮಗು ನಿಂತಿತ್ತು, ಸೂಟಿಯ ಹುಡುಗಿಯ ಅಗತ್ಯ ಇರಲಿಲ್ಲ.

ಇಷ್ಟೇ ನನ್ನ ಬಳಿ ಇದ್ದದ್ದು. ಈ ವರ್ಷದ ತನಕ.

ಈ ವರ್ಷ ಚಾಚಿ ಮೊಳಕಾಲು ತೋರಿಸಲು ಗದಗಿಗೆ ಬಂದಾಗ ಸೊಸೆಯನ್ನು ಕಾಡಿ ಬೆಟಗೇರಿಗೆ ಆಟೋ ಮಾಡಿಸಿದ್ದಾರೆ. ಆಶ್ರಮದ ಗೇಟಿನಲ್ಲಿ ಕುರ್ಚಿಗಳನ್ನು ಕಂಡು ನಿಂತಿದ್ದಾರೆ. ಎದುರಿನ ದರ್ಜಿ ಏನು ಬೇಕೆಂದು ಕೇಳಿದ್ದಾನೆ. ಮಂಚದ ಹೆಸರು ಹೇಳಿದ ಕೂಡಲೇ ಅವನು ನನ್ನ ನಂಬರು ಕೊಟ್ಟಿದ್ದಾನೆ. ಅವನಿಗೆ ನಾನು ಇವತ್ತಿಗೂ ಆ ಹೆಸರಿನವಳೇ. ಬೇವಿನ ಗಿಡದಿಂದ ಬಿದ್ದು ನಾನು ಕೈ ಮುರಿದುಕೊಂಡದ್ದನ್ನು ಸಿಕ್ಕಾಗಲೆಲ್ಲ ನೆನಪಿಸುತ್ತಾನೆ. ನನ್ನ ಕೈ ಎಂದೂ ಮುರಿದಿಲ್ಲ. ಆ ಮಂಚದಲ್ಲಿ ಮಲಗಿದ ಎಲ್ಲರನ್ನೂ ಸೇರಿಸಿ ಅವನು ಒಬ್ಬ ಹುಡುಗಿಯನ್ನು ಹೊಲಿದಿಟ್ಟುಕೊಂಡಿದ್ದಾನೆ. ನಾನು ಊರಲ್ಲೇ ಉಳಿದವಳಾದ್ದರಿಂದ ಅದನ್ನು ನನಗೆ ತೊಡಿಸುತ್ತಾನೆ.

ನಾನು ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ. ಸೊಸೆಯ ಫೋನು ಬಂದದ್ದು ಅಲ್ಲಿಗೆ.

"ಅಕ್ಕಾರ, ಒಮ್ಮಿ ಬಂದ ಹೋಗ್ರಿ. ನಮ್ಮತ್ತಿ ಊಟಾ ಬಿಟ್ಟಾರ ಅಂತ ಸುಳ್ಳ ಹೇಳೂದಿಲ್ಲ, ಊಟಾ ಚಲೋನ ಮಾಡ್ತಾರ. ಆದ್ರ ನಮ್ಮ ತಲಿ ತಿನ್ನಾಕ ಹತ್ಯಾರ."

"ಏನಾಗೇತ್ರಿ?"

ಆಗ ಅವಳು ಸೂಜಿಯ ಕತೆ ಹೇಳಿದಳು. ಮೊದಲನೇ ಬೇಸಿಗೆಯಲ್ಲಿ ಚಾಚಿ ಅರ್ಧ ಹೊಲಿದ ಗಾದಿಯಲ್ಲಿ ಸೂಜಿ ಬಿಟ್ಟು ಎದ್ದುಹೋಗಿದ್ದರು. ಹುಡುಗಿ ಅದರ ಮೇಲೆ ಓಡಿದಳು. ಅರ್ಧ ಸೂಜಿ ಕೈಗೆ ಬಂತು, ಮೊನೆ ಸಿಗಲಿಲ್ಲ. ಅರಿಶಿನ ಸುಣ್ಣ ಕಟ್ಟಿ, ಯಾರಾದರೂ ಕೇಳಿದರೆ ಮುಳ್ಳು ಎಂದು ಹೇಳು ಎಂದು ಕಲಿಸಿ, ಸೂಟಿ ಮುಗಿದ ಮೇಲೆ ತುದಿಗಾಲಲ್ಲಿ ನಡೆಯುತ್ತಿದ್ದವಳನ್ನು ಆಶ್ರಮಕ್ಕೆ ಬಿಟ್ಟುಬಂದರು. ಬಾಯಾರಿಗೆ ತಿಳಿದರೆ ಗಾದಿಯ ಕೆಲಸ ಹೋಗುತ್ತದೆ ಎಂದು ಗಂಡ ಬಾಯಿ ಮುಚ್ಚಿಸಿದ್ದರು. ಗಂಡ ತೀರಿಕೊಂಡ ಮೇಲೆ ಮಾತ್ರ ಚಾಚಿ ಬಾಯಿ ಬಿಟ್ಟಿದ್ದಾರೆ.

ಫೋನು ಇಟ್ಟ ಮೇಲೆ ನಾನು ಮೇಜಿನ ಕೆಳಗೆ ಚಪ್ಪಲಿ ಕಳಚಿ ಎಡಗಾಲನ್ನು ನೆಲಕ್ಕೆ ಊರಿ ನೋಡಿದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ನನ್ನ ಹಿಮ್ಮಡಿ ನೋಯುತ್ತದೆ, ಈಚಿನ ವರ್ಷಗಳಲ್ಲಿ. ಈ ವಯಸ್ಸಿನ ಹೆಂಗಸರಲ್ಲಿ ಅನೇಕರಿಗೆ ನೋಯುತ್ತದೆ. ಆದರೆ ಅಂದು ಅದು ಬರೀ ನೋವಾಗಿ ಉಳಿಯಲಿಲ್ಲ. ಗಿಂಡಿ ಎಲ್ಲಿದೆ ಗೊತ್ತಿಲ್ಲದೆ ನಿಂತ ನನ್ನ ನೆನಪೇ ನಾನು ಎರಡನೆಯವಳು ಎಂಬುದಕ್ಕೆ ಇರುವ ಒಂದೇ ಸಾಕ್ಷಿ. ಮಗುವೊಂದು ಹೆದರಿಕೆಯಿಂದ ಇಡೀ ಒಂದು ಬೇಸಿಗೆಯನ್ನು ಮರೆತಿರಲಾರದೇ? ಆಶ್ರಮಕ್ಕೆ ಮರಳಿದವಳನ್ನು ಇನ್ನೊಬ್ಬಳೆಂದು ತಾನೇ ತಿಳಿದುಕೊಳ್ಳಲಾರಳೇ? ಬೇರೆಯವರ ಬರಹದಲ್ಲಿ ಇಂಥದ್ದನ್ನು ಓದಿದರೆ ನಾನು ನಂಬುವುದಿಲ್ಲ, ಅಂಚಿನಲ್ಲಿ ಗೆರೆ ಎಳೆಯುತ್ತೇನೆ.

ಆ ಭಾನುವಾರ ಮುಳಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದೆ. ಮನೆ ಅದೇ, ಮೇಲೆ ಸ್ಲ್ಯಾಬು ಬಿದ್ದಿದೆ. ಈಗ ಹತ್ತಿ ಹಿಂಜಲು ಯಂತ್ರ. ಚಾಚಿ ವಾಕರ್ ಪಕ್ಕಕ್ಕಿಟ್ಟುಕೊಂಡು ಮಂಚದ ಮೇಲೆ ಕುಳಿತಿದ್ದರು.

"ಬಂದ್ಯಾ ಬೇಟಿ? ಕುಂಡ್ರು. ಕಾಲ ಚಾಚು."

"ಚಾಚಿ, ಮೊದಲ ಒಂದ ಮಾತ ಕೇಳ್ರಿ. ಮೊದಲನೇ ವರ್ಷ ಬಂದಾಕಿ ನಾನಲ್ರಿ. ಅಕಿ ಬ್ಯಾರೆ. ಆ ಮಂಚಕ್ಕ ಬಂದೋರಿಗೆಲ್ಲಾ ಅದ ಹೆಸರು ಇಡ್ತಿದ್ರು. ನಾ ಬಂದಿದ್ದು ಮರುವರ್ಷ."

ಚಾಚಿ ಸೊಸೆಯ ಕಡೆ ತಿರುಗಿದರು. "ನೋಡಿದೇನ? ನನಗ ಕೆಟ್ಟ ಅನಸಬಾರದು ಅಂತ ಹೆಂತಾ ಕತಿ ಕಟ್ಟಿಕೊಂಡ ಬಂದಾಳ. ಸಣ್ಣಾಕಿ ಇದ್ದಾಗೂ ಹಿಂಗ. ನೋವಾದ್ರೂ ಇಲ್ರಿ ಇಲ್ರಿ ಅಂತಿದ್ಲು."

"ಖರೇನ ರೀ ಚಾಚಿ."

"ಖರೇ ಇದ್ರ ಅಕಿ ಎಲ್ಲೆದಾಳ?"

"ಗೊತ್ತಿಲ್ರಿ."

"ಅದಾಳೋ ಇಲ್ಲೋ?"

ಚಾಚಿಯ ಮುಖ ನೋಡಿದೆ. ಅವರ ಲೆಕ್ಕದಲ್ಲಿ, ನಾನು ಆ ಹುಡುಗಿಯಾದರೆ ಸೂಜಿ ನನ್ನೊಳಗೆ ಎಲ್ಲೋ ನಡೆಯುತ್ತಿದೆ. ನಾನು ಆ ಹುಡುಗಿಯಲ್ಲದಿದ್ದರೆ ಅವಳು ಎಂದೋ ಸತ್ತಿದ್ದಾಳೆ. ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ಸೊಸೆ ನನಗಷ್ಟೇ ಕೇಳುವಂತೆ, "ಹೊರಗ ಬಂತು ಅಂದ ಬಿಡ್ರಿ ಅಕ್ಕಾರ. ಏನ ಗಂಟ ಹೋಗ್ತೈತಿ ನಿಮ್ಮದು" ಎಂದಳು.

"ಚಾಚಿ, ಅದು ಎಂದೋ ಹೊರಗ ಬಂದೈತ್ರಿ" ಎಂದೆ.

"ಎಲ್ಲಿಂದ?"

"ಕಾಲಿಂದನ."

"ತೋರಸು. ಗುರುತು ಇರಬೇಕಲ್ಲ. ಹೊಲಿದ ಬಟ್ಟಿಗೇ ತೂತು ಉಳಿತೈತಿ."

ತಪ್ಪಿಸಿಕೊಳ್ಳಲು ಆಗಲಿಲ್ಲ, ಅವರು ಬಗ್ಗಿ ಕಾಲು ಎಳೆದುಕೊಂಡರು. ಅದೇ ಹೆಬ್ಬೆರಳು. ಒತ್ತಿದ ಕೂಡಲೇ ನಾನು ಚೀರಿದೆ. ಚಾಚಿ ಕಾಲು ಬಿಡಲಿಲ್ಲ.

"ಐತಿ" ಎಂದರು.

ಎಕ್ಸ್‌ರೇ ತೆಗೆಸಬೇಕೆಂದು ಹಠ ಹಿಡಿದವರು ಚಾಚಿ. ನಾನು ಒಪ್ಪಿದ್ದೂ ನಿಜ. ಫಿಲ್ಮಿನಲ್ಲಿ ಏನೂ ಇಲ್ಲದಿದ್ದರೆ ನಾನು ಎರಡನೆಯವಳೆಂದು ನನಗಾದರೂ ಖಾತ್ರಿಯಾಗುತ್ತದೆ ಎಂಬ ಆಸೆ. ಚಾಚಿಯನ್ನು ಬಿಟ್ಟುಹೋಗಲು ಆಗಲಿಲ್ಲ. ವಾಕರ್ ಸಮೇತ ಆಟೋ ಹತ್ತಿದರು. ಬಸ್‌ಸ್ಟ್ಯಾಂಡಿನ ಹತ್ತಿರದ ಎಕ್ಸ್‌ರೇ ಅಂಗಡಿ ಅದೃಷ್ಟಕ್ಕೆ ತೆರೆದಿತ್ತು. ಒಳಗೆ ತಣ್ಣಗಿನ ಹಲಗೆಯ ಮೇಲೆ ಕಾಲು ಅಡ್ಡಡ್ಡ ಇಟ್ಟು ಮಲಗಿದಾಗ, ಅಲ್ಲಾಡಬೇಡಿ ಎಂದು ಹೇಳಿ ಎಕ್ಸ್‌ರೇಯವನು ಬಾಗಿಲು ಹಾಕಿಕೊಂಡು ಹೊರಗೆ ಹೋದ. ಆ ಕೋಣೆಗೆ ಕಿಟಕಿ ಇರಲಿಲ್ಲ. ಮುರಿದ ಸೂಜಿಯನ್ನು ಇಟ್ಟುಕೊಂಡು ನಾನು ಇಷ್ಟು ವರ್ಷ ನಡೆದಾಡಿದ್ದರೆ, ಅಂಥ ಒಂದನ್ನು ಮರೆಯಬಲ್ಲವಳಾದರೆ, ಇನ್ನೇನೇನು ಮರೆತಿರಬಹುದು ಎಂದು ಲೆಕ್ಕ ಹಾಕಲು ಶುರು ಮಾಡಿದೆ. ನನ್ನ ತಾಯಿಯ ಮುಖ ನನಗೆ ನೆನಪಿಲ್ಲ ಎಂದು ಯಾವಾಗಲೂ ಹೇಳುತ್ತೇನೆ. ಅದು ನೋಡಿಲ್ಲದ್ದೋ, ಮರೆತದ್ದೋ? ಅಲ್ಲಾಡಬಾರದು ಎಂದು ಉಸಿರು ಹಿಡಿದಿದ್ದೆ. ಅವನು ಬಂದು, "ಆತ್ರಿ, ಯಾವಾಗೋ ಆತು, ಏಳ್ರಿ" ಎಂದಾಗಲೂ ಹಿಡಿದೇ ಇದ್ದೆ.

ಅವನು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನನಗೆ ಹೇಳಿದ. "ಹಿಮ್ಮಡಿ ಎಲುಬು ಮುಂದ ಬೆಳದೈತ್ರಿ, ಮುಳ್ಳಿನಂಗ. ಭಾಳ ಮಂದಿಗೆ ಆಗ್ತೈತಿ. ಮೆತ್ತನ್ನ ಚಪ್ಪಲಿ ಹಾಕ್ಕೋರಿ."

ಎಲುಬಿನ ಕೆಳಗಿನಿಂದ ಬೆರಳುಗಳ ಕಡೆಗೆ ಬೆಳ್ಳಗೆ ಚೂಪಾಗಿ ಒಂದು ಕೊಕ್ಕು ಚಾಚಿತ್ತು. ಬೇರೆ ಏನೂ ಇರಲಿಲ್ಲ. ನಾನು ಎರಡನೆಯವಳು. ನನ್ನ ಎದೆ ಹಗುರಾಯಿತು ಎಂದು ಬರೆಯಬಹುದು. ಆದರೆ ಅಷ್ಟು ಹೊತ್ತು ಸಿಗಲಿಲ್ಲ. ವಾಕರ್ ಕುಟ್ಟುತ್ತ ಚಾಚಿ ಪಕ್ಕಕ್ಕೆ ಬಂದು ನಿಂತಿದ್ದರು. ಕನ್ನಡಕ ಮೇಲೆತ್ತಿ ಫಿಲ್ಮಿಗೆ ಮೂಗು ತಾಗುವಷ್ಟು ಬಗ್ಗಿದರು.

"ಅದ ಅಲ್ಲಾ, ಅಲ್ಲೆ ಬೆಳ್ಳಗ?"

"ಅಜ್ಜಿ, ಅದು ಎಲುಬ್ರಿ" ಎಂದ ಅವನು.

"ಎಲುಬಿಗೆ ಮೊನಿ ಇರ್ತೈತೇನೋ?"

"ಹಂಗಲ್ರಿ ಅಜ್ಜಿ, ವಯಸ್ಸಾದ ಮ್ಯಾಲ..."

"ನೀ ಎಷ್ಟ ಗಾದಿ ಹೊಲದೀ ಲೇ? ಸೂಜಿ ನನಗ ತೋರಸಾಕ ಬಂದಾನ."

ಅವನು ನನ್ನ ಕಡೆ ನೋಡಿದ, ನೀವಾದರೂ ಹೇಳಿ ಎನ್ನುವಂತೆ. ಹೇಳಬಹುದಿತ್ತು. ಚಾಚಿ ಫಿಲ್ಮಿನ ಮೇಲೆ ಆ ಹೆಬ್ಬೆರಳನ್ನು ಇಟ್ಟು, ಹಿಮ್ಮಡಿಯಿಂದ ಮೇಲಕ್ಕೆ, ಕಣಕಾಲಿನ ತನಕ ನಿಧಾನ ಸರಿಸಿದರು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಕೆಳಗೆ ತಂದರು.

"ಅಲ್ಲೇ ಐತಿ" ಎಂದರು. "ಮ್ಯಾಲ ಹೋಗಿಲ್ಲ. ಯಾ ಅಲ್ಲಾ, ನಟ್ಟಲ್ಲೇ ಐತಿ."

ಸೊಸೆ ಬಂದು ಅವರ ತೋಳು ಹಿಡಿದಳು. ನಾನು ಎಕ್ಸ್‌ರೇಯವನಿಗೆ ಸುಮ್ಮನಿರುವಂತೆ ಸನ್ನೆ ಮಾಡಿದೆ. ಅಷ್ಟೇ ಮಾಡಿದ್ದು. ಆ ಸನ್ನೆಯೊಂದಿಗೆ ನಾನು ಮೊದಲನೇ ಬೇಸಿಗೆಗೂ ಹೋದವಳಾದೆ.

ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಸೊಸೆ ಆಟೋ ಹುಡುಕಲು ಹೋದಳು. ನನಗೆ ಆ ಹುಡುಗಿಯ ಬಗ್ಗೆ ಕೇಳುವುದು ಬಹಳ ಇತ್ತು. ಕಪ್ಪಗಿದ್ದಳೇ, ಉಗುರು ಕಡಿಯುತ್ತಿದ್ದಳೇ, ಮಂಚದ ಹೆಸರಲ್ಲದೆ ತನ್ನದೊಂದು ಹೆಸರನ್ನು ಯಾವತ್ತಾದರೂ ಹೇಳಿದ್ದಳೇ. ಅವಳನ್ನು ಹತ್ತಿರದಿಂದ ಕಂಡವರಲ್ಲಿ ನನಗೆ ಗೊತ್ತಿರುವಂತೆ ಉಳಿದಿರುವುದು ಚಾಚಿ ಒಬ್ಬರೇ. ಈಗ ಕೇಳುವ ಹಾಗಿಲ್ಲ. ಯಾರೂ ತನ್ನ ಬಗ್ಗೆ ಹಾಗೆ ಕೇಳುವುದಿಲ್ಲ. ಎಕ್ಸ್‌ರೇಯೊಳಗಿನ ಆ ಎಲುಬು ಅವಳು ಎಲ್ಲಿ ಎಂಬ ಪ್ರಶ್ನೆಯನ್ನೂ ಮುಗಿಸಿಬಿಟ್ಟಿತ್ತು. ಅವಳು ಬೆಂಚಿನ ಮೇಲೆ ಕುಳಿತಿದ್ದಾಳೆ, ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾಳೆ, ಮೆತ್ತನೆಯ ಚಪ್ಪಲಿ ಕೊಳ್ಳಬೇಕು.

"ತಗಸೂದು ಬ್ಯಾಡ" ಎಂದರು ಚಾಚಿ. "ಕೂತ ಜಾಗಾದಾಗ ಕೂತೈತಿ, ಇರಲಿ."

"ಆತ್ರಿ."

ಆಮೇಲೆ ನನ್ನ ಕಡೆ ತಿರುಗಿ, "ಆವತ್ತ ನನ್ನ ಬೈಕೊಂಡಿದ್ದೇನ, ಮನಸಿನ್ಯಾಗ?" ಎಂದು ಕೇಳಿದರು.

"ಇಲ್ರಿ ಚಾಚಿ."

"ಸುಳ್ಳ. ಅಷ್ಟ ನೋವಾಗೈತಿ, ಮ್ಯಾಲ ಮುಳ್ಳು ಅಂತ ಹೇಳು ಅಂದೆ. ಬೈಕೊಂಡಿರ್ತಿ."

ತುದಿಗಾಲಲ್ಲಿ ಆಶ್ರಮದ ಗೇಟು ದಾಟಿದ ಒಬ್ಬಳನ್ನು ನೆನೆಸಿಕೊಳ್ಳಲು ನೋಡಿದೆ. ಮುಖ ಬರಲಿಲ್ಲ. ಕತ್ತರಿಸಿದ ಕೂದಲು ಬಂತು, ಅದು ಎಲ್ಲರದೂ.

"ಬೈಕೊಂಡಿದ್ದೆ" ಎಂದೆ.

"ಹಾಂ, ಹಂಗ ಹೇಳು. ಏನಂತ?"

ಆಶ್ರಮದ ಹುಡುಗಿಯರಿಗೆ ಬೈಗುಳ ಬಹಳ ಬರುತ್ತಿದ್ದವು. ಯಾವುದನ್ನು ಅವಳು ಆರಿಸುತ್ತಿದ್ದಳೋ ನನಗೆ ಹೇಗೆ ಗೊತ್ತು. ಆದರೂ ಒಂದನ್ನು ಆರಿಸಿದೆ, ಒಂಬತ್ತು ಹತ್ತು ವಯಸ್ಸಿನ ಬಾಯಿಗೆ ದೊಡ್ಡದಾಗುವಂಥದ್ದನ್ನು, ಮತ್ತು ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಮೆಲ್ಲಗೆ ಅವರ ಕಿವಿಯಲ್ಲಿ ಹೇಳಿದೆ.

ಚಾಚಿ ಬಾಯಿಗೆ ಸೆರಗು ಅಡ್ಡ ಹಿಡಿದು ಮೈ ಕುಲುಕುವ ಹಾಗೆ ನಕ್ಕರು. ನಗುತ್ತಲೇ ನನ್ನ ಮೊಳಕಾಲಿಗೆ ಒಂದು ಏಟು ಹಾಕಿದರು.

"ಅದನ್ನ ಅಂದಿರ್ತಿ" ಎಂದರು. "ನನಗ ಗೊತ್ತಿತ್ತು, ಅದನ್ನ ಅಂದಿರ್ತಿ."